ಒಂದೇ ಕಾಲದ ಎರಡು ಎಡಗೈಗಳು

ಸಪ್ತಾಪುರ, ಧಾರವಾಡ
೧೨ ನವೆಂಬರ್ ೨೦೨೩

ಪ್ರೀತಿಯ ಸಿತಾರಾ,

ಇಷ್ಟು ವರ್ಷಗಳ ಮೇಲೆ ಇವಳಿಗೆ ನನ್ನ ನೆನಪು ಹೇಗಾಯಿತು ಎಂದು ನೀನು ನಕ್ಕಿರುತ್ತೀಯ. ನಗು, ಪರವಾಗಿಲ್ಲ. ಸಪ್ತಾಪುರದಿಂದ ಉಣಕಲ್ಲಿಗೆ ಚಿಗರಿ ಬಸ್ಸು ಹತ್ತಿದರೆ ಒಂದು ಜೊಂಪು ತೆಗೆಯುವಷ್ಟೂ ದಾರಿಯಿಲ್ಲ. ಆದರೂ ನಾನು ಬರಲಿಲ್ಲ, ನೀನೂ ಬರಲಿಲ್ಲ. ಈ ಪತ್ರ ಆ ದಾರಿಗೆ ಮೂರು ದಿನ ತೆಗೆದುಕೊಳ್ಳುತ್ತದೆ ಎಂದು ಅಂಚೆಯವರು ಹೇಳಿದರು. ಫೋನು ಮಾಡಬಹುದಿತ್ತು. ಆದರೆ ಜೀವಮಾನವೆಲ್ಲ ಕಾಲೇಜಿನಲ್ಲಿ ಇತಿಹಾಸ ಹೇಳಿದವಳು ನಾನು. ನಾನು ಫೋನಿನಲ್ಲಿ ಮಾತಾಡಿದರೆ ಪಾಠ ಮಾಡಿದ ಹಾಗಿರುತ್ತದೆ ಎಂದು ನನ್ನ ಮಗಳೇ ಬೈಯುತ್ತಾಳೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಅಪ್ಪ ಇದ್ದಿದ್ದರೆ ಬರುವ ಫೆಬ್ರವರಿಗೆ ನೂರು ತುಂಬುತ್ತಿತ್ತು. ಅವರು ಕಲಿಸಿದ ಸಾಲಿಯಲ್ಲಿ ಹೊಸ ವಾಚನಾಲಯ ಕಟ್ಟಿದ್ದಾರೆ, ಅದಕ್ಕೆ ಗುರುಬಸವ ಮಾಸ್ತರರ ಹೆಸರಿಡುತ್ತಾರೆ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸಮಿತಿ ಮಾಡಿದ್ದಾರೆ, ರಾಜಶೇಖರ ಎನ್ನುವವರು ಕಾರ್ಯದರ್ಶಿ. ಒಂದು ಸ್ಮರಣ ಸಂಚಿಕೆಯೂ ಬರುತ್ತದೆ. ಫೋಟೋ ಅನಾವರಣಕ್ಕೆ ಯಾರನ್ನು ಕರೆಯೋಣ ಎಂದು ಕೇಳಿದರು. ದೊಡ್ಡವರು ಬೇಡ, ಅಪ್ಪನ ಕೈಯಲ್ಲಿ ಕಲಿತ ಒಬ್ಬರು ಮಾಡಲಿ ಎಂದೆ. ನಿಮ್ಮ ಅಣ್ಣ ಕಮರುದ್ದೀನನ ಹೆಸರು ಹೇಳಿದೆ. ‘ಆ ಹುಡುಗನ ಸಲುವಾಗಿ ನಿಮ್ಮಪ್ಪ ಭಾಳ ಕಷ್ಟಪಟ್ಟಾರ’ ಎಂದು ಅವ್ವ ಈಗಲೂ ಅನ್ನುತ್ತಿರುತ್ತಾಳೆ. ಕಮರಣ್ಣನನ್ನು ಒಪ್ಪಿಸುವುದು ನಿನ್ನ ಕೆಲಸ.

ಸಂಚಿಕೆಗೆ ನಾನೂ ಒಂದು ಲೇಖನ ಬರೆದಿದ್ದೇನೆ. ಅದರಲ್ಲಿ ನನಗೆ ಬಹಳ ಇಷ್ಟವಾದ ಭಾಗವನ್ನು ನಿನಗಾಗಿ ಇಲ್ಲಿ ಇಳಿಸುತ್ತೇನೆ:

‘ನಾನು ಹುಟ್ಟಾ ರೊಡ್ಡಿ. ಊಟವೊಂದನ್ನು ಬಿಟ್ಟು ಎಲ್ಲಕ್ಕೂ ಎಡಗೈಯೇ ಮುಂದೆ. ಮೊದಲ ಸಲ ಪಾಟಿಯ ಮೇಲೆ ಬರೆಯಲು ಕೂತಾಗ ಅವ್ವ ಗಾಬರಿಯಾಗಿ ಎಡಗೈಯಿಂದ ಪೆನ್ಸಿಲ್ಲು ಕಸಿದುಕೊಂಡಳು. ಹೊಲಸು ಕೈ ಎಂದಳು. ಅಪ್ಪ ಆಗಷ್ಟೇ ಪೂಜೆ ಮುಗಿಸಿದ್ದರು. ಇಷ್ಟಲಿಂಗ ಇನ್ನೂ ಎಡ ಅಂಗೈಯಲ್ಲೇ ಇತ್ತು. ಆ ಕೈಯನ್ನು ಅವ್ವನ ಮುಂದೆ ಹಿಡಿದು, “ಲಿಂಗ ಯಾವ ಕೈಯಾಗ ಐತಿ ನೋಡು. ಲಿಂಗ ಹಿಡಿಯೋ ಕೈಗೆ ಹೊಲಸು ಅಂತೀಯೇನು? ಬರೀಲಿ ಬಿಡು. ಕೈ ತಿರುವಿದ್ರ ಕೂಸಿನ ಮನಸು ಮುರೀತೈತಿ” ಎಂದರು. ಎಡಗೈ ಎಂದರೆ ಎಲ್ಲರೂ ಮುಖ ಸಿಂಡರಿಸುತ್ತಿದ್ದ ಕಾಲದಲ್ಲಿ ಆಡಿದ ಮಾತು ಅದು.’

ಹೇಗಿದೆ ಹೇಳು. ಅಕ್ಷರ ಅಲ್ಲಲ್ಲಿ ಒರೆಸಿದ ಹಾಗೆ ಕಂಡರೆ ಬೇಸರಿಸಬೇಡ. ಎಡಗೈ ಮುಂದೆ ಸರಿದಂತೆಲ್ಲ ಹಿಂದಿನ ಹಸಿ ಶಾಯಿಯ ಮೇಲೆ ಅಂಗೈಯ ಅಂಚು ಹಾಯುತ್ತದೆ. ಅಪ್ಪ ಉಳಿಸಿಕೊಟ್ಟ ಕಲೆ ಅದು, ನನಗೆ ಅದರ ಮೇಲೆ ಪ್ರೀತಿ.

ಉತ್ತರದ ದಾರಿ ಕಾಯುವ,
ಸುಕನ್ಯಾ


ಉಣಕಲ್, ಹುಬ್ಬಳ್ಳಿ
೧೦ ಡಿಸೆಂಬರ್ ೨೦೨೩

ಸುಕನ್ಯಾ,

ಶಾಯಿ ಒರೆಸಿದ್ದನ್ನು ನೋಡಿಯೇ ಪತ್ರ ನಿನ್ನದೆಂದು ತಿಳಿಯಿತು, ಹೆಸರು ಓದಿದ್ದು ಆಮೇಲೆ. ಸಂತೋಷವಾಯಿತು. ನಾನು ಅಂಗನವಾಡಿಯಿಂದ ನಿವೃತ್ತಳಾದೆ. ಈಗ ಮೊಮ್ಮಕ್ಕಳದೇ ಅಂಗನವಾಡಿ, ಪಗಾರ ಮಾತ್ರ ಇಲ್ಲ.

ಅಣ್ಣನಿಗೆ ಬರಲು ಆಗುವುದಿಲ್ಲ. ಗ್ಯಾರೇಜಿನಲ್ಲಿ ಈಗ ಸೀಜನ್. ಮೊಣಕಾಲು ನೋವೂ ಇದೆ. ದಯವಿಟ್ಟು ಬೇರೆ ಯಾರನ್ನಾದರೂ ನೋಡಿರಿ. ನನಗೂ ಬರೆಯುವ ರೂಢಿಯಿಲ್ಲ, ಸಂಚಿಕೆಗೆ ನನ್ನಿಂದ ಏನೂ ಆಗದು.

ನಿನ್ನ ಲೇಖನದ ಭಾಗ ಓದಿದೆ. ಮಾಸ್ತರರು ಹೇಳಿದ ಮಾತನ್ನು ಎರಡು ಸಲ ಓದಿದೆ.

ನಿಮ್ಮ ಅವ್ವ ದಾನವ್ವನವರು ಹೇಗಿದ್ದಾರೆ? ಅವರ ಕೈಯ ಕಟಕ್ ರೊಟ್ಟಿ, ಶೇಂಗಾ ಹಿಂಡಿ ನೆನಪಾಗುತ್ತದೆ. ನನ್ನ ಸಲಾಮು ಹೇಳು.

ಸಿತಾರಾ


ಸಪ್ತಾಪುರ
೧೮ ಡಿಸೆಂಬರ್ ೨೦೨೩

ಪ್ರೀತಿಯ ಸಿತಾರಾ,

ಗ್ಯಾರೇಜಿಗೆ ಸೀಜನ್ನು ಎಂದರೇನೇ? ಅದೇನು ಮಾವಿನಹಣ್ಣಿನ ಅಂಗಡಿಯೇ? ಸುಳ್ಳು ಹೇಳಲು ನಿನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ನಮ್ಮ ಹಿತ್ತಲಿನ ಪೇರಲೆ ಹಣ್ಣು ಕದ್ದು, ಬಾಯಿ ತುಂಬ ಬೀಜ ಇಟ್ಟುಕೊಂಡು ‘ನಾ ಅಲ್ಲ’ ಎಂದವಳು ನೀನು.

ಆದರೆ ಈಗ ತಮಾಷೆ ಮಾಡುವ ಮನಸ್ಸಿಲ್ಲ. ನಿನ್ನ ಉತ್ತರ ಬರುವ ಮೊದಲೇ ನಾನು ಅವಸರ ಮಾಡಿ ಕಮರಣ್ಣನ ಹೆಸರು ಕೊಟ್ಟುಬಿಟ್ಟಿದ್ದೆ. ಅದು ಆಮಂತ್ರಣದಲ್ಲಿ ಅಚ್ಚಾಗಿದೆ. ರಾಜಶೇಖರರು ಕಾರ್ಡು ಕೊಡಲು ಗ್ಯಾರೇಜಿಗೆ ಹೋಗಿದ್ದರಂತೆ. ಕಮರಣ್ಣ ಕೂರಿಸಿ ಚಹಾ ತರಿಸಿದನಂತೆ. ಗುರುಬಸವ ಮಾಸ್ತರರ ಕಾರ್ಯಕ್ರಮ ಎಂದು ಹೇಳಿ ಕಾರ್ಡು ಚಾಚಿದರೆ ತೆಗೆದುಕೊಳ್ಳಲೇ ಇಲ್ಲವಂತೆ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟನಂತೆ. ‘ಸೊಕ್ಕು ಭಾಳ ಐತ್ರೀ ಮೇಡಂ ಆ ಮನಶಾಗ’ ಎಂದು ನನಗೇ ಹೇಳಿ ಹೋದರು.

ಕಮರಣ್ಣನಿಗೆ ಸೊಕ್ಕು ಎಂದರೆ ನಾನು ನಂಬುವುದಿಲ್ಲ. ನನ್ನ ಸೈಕಲ್ಲಿನ ಚೈನು ಬಿದ್ದಾಗಲೆಲ್ಲ ಓಡಿ ಬಂದು ಹಾಕಿಕೊಟ್ಟವನು ಅವನು. ನಮ್ಮಿಂದ ಏನಾದರೂ ತಪ್ಪಾಗಿದೆಯೇ? ಒಬ್ಬ ಸತ್ತ ಮನುಷ್ಯನ ಫೋಟೋದ ಮೇಲಿನ ಬಟ್ಟೆ ಸರಿಸಲು ಇಷ್ಟು ಸಂಕೋಚ ಯಾಕೆ? ನನಗೆ ನೋವಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ನೀನೂ ಏನನ್ನೂ ಮುಚ್ಚಿಡದೆ ಬರೆ.

ನಿನ್ನವಳೇ,
ಸುಕನ್ಯಾ


ಉಣಕಲ್
೪ ಜನವರಿ ೨೦೨೪

ಸುಕನ್ಯಾ,

ಮುಚ್ಚಿಡಬೇಡ ಎಂದು ನೀನೇ ಕೇಳಿದ್ದೀಯ. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಅಣ್ಣನೂ ರೊಡ್ಡ. ನಿನಗೆ ಇದು ನೆನಪಿಲ್ಲ, ಅದು ನಿನ್ನ ತಪ್ಪಲ್ಲ. ನೀನು ಅವನ ಜೊತೆ ಸಾಲಿಗೆ ಹೋದವಳಲ್ಲ. ಮೂರನೇ ಇಯತ್ತೆಯಲ್ಲಿ ಅವನು ನಿಮ್ಮ ಅಪ್ಪನ ವರ್ಗಕ್ಕೆ ಬಂದ. ಅಲ್ಲಿಯ ತನಕ ಎಡಗೈಯಲ್ಲೇ ಬರೆಯುತ್ತಿದ್ದ. ಅಕ್ಷರ ಒಳ್ಳೆಯವಿದ್ದವು. ಮಾಸ್ತರರು ಮೊದಲು ಬುದ್ಧಿ ಹೇಳಿದರು, ಆಮೇಲೆ ಗೆಣ್ಣಿನ ಮೇಲೆ ಪಟ್ಟಿಯಿಂದ ಹೊಡೆದರು. ಅದಕ್ಕೂ ಕೈ ಕೇಳದೇ ಹೋದಾಗ ಒಂದು ಲಾಡಿ ತಂದರು. ಪಾಯಿಜಾಮಕ್ಕೆ ಹಾಕುತ್ತಾರಲ್ಲ, ಬಿಳಿ ನೂಲಿನದು, ಅದು. ದಿನಾ ಮುಂಜಾನೆ ಪ್ರಾರ್ಥನೆ ಮುಗಿದ ಕೂಡಲೇ ಅಣ್ಣನ ಎಡಗೈಯನ್ನು ಬೆನ್ನ ಹಿಂದೆ ತಂದು ಚಡ್ಡಿಯ ಪಟ್ಟಿಗೆ ಕಟ್ಟುತ್ತಿದ್ದರು. ಸಾಲಿ ಬಿಡುವಾಗ ಬಿಚ್ಚುತ್ತಿದ್ದರು. ಲಾಡಿಯನ್ನು ಸುತ್ತಿ ತಮ್ಮ ಕೋಟಿನ ಕಿಸೆಯಲ್ಲಿ ಇಟ್ಟುಕೊಂಡು ಮನೆಗೆ ಒಯ್ಯುತ್ತಿದ್ದರು.

ನಮ್ಮ ಅಬ್ಬಾ ಬೇಡ ಅನ್ನಲಿಲ್ಲ. ಮಾಸ್ತರರಿಗೆ ಕೈ ಮುಗಿದು, ‘ನೀವು ಮಾಡೂದು ಛಲೋದಕ್ಕ ಐತ್ರಿ’ ಅಂದರು. ಇದನ್ನೂ ಬರೆಯಬೇಕು, ಬರೆದಿದ್ದೇನೆ.

ಬಲಗೈಗೆ ಅಕ್ಷರ ಹತ್ತಲಿಲ್ಲ. ಎರಡರಲ್ಲಿ ಜಾಣನಾಗಿದ್ದವನು ನಾಲ್ಕರಲ್ಲಿ ದಡ್ಡನಾದ. ಮಾತು ತೊದಲತೊಡಗಿತು. ಹುಡುಗರು ತೊದಲನ್ನು ಆಡಿಕೊಂಡು ನಕ್ಕರು. ಒಂದು ದಿನ ಪಾಟಿಚೀಲ ಬಾವಿಗೆ ಎಸೆದು ಬಂದ. ಅಲ್ಲಿಗೆ ಸಾಲಿ ಮುಗಿಯಿತು, ನಮ್ಮ ಮಾಮಾನ ಸೈಕಲ್ ಅಂಗಡಿ ಸೇರಿದ. ಅಲ್ಲಿ ನಟ್ಟು ಬಿಚ್ಚುವ ಪಾನಾ ಯಾವ ಕೈಯಲ್ಲಿ ಹಿಡಿದಿ ಎಂದು ಯಾರೂ ಕೇಳಲಿಲ್ಲ. ತೊದಲು ತಾನೇ ಹೋಯಿತು. ಅಕ್ಷರ ಮಾತ್ರ ತಿರುಗಿ ಬರಲಿಲ್ಲ.

ಈಗ ಬ್ಯಾಂಕಿಗೆ ಹೋದರೆ, ‘ಕಾಕಾ, ಸಹಿ ಬರೂದಿಲ್ಲಾ? ಹಂಗಾರ ಎಡಗೈ ಹೆಬ್ಬಟ್ಟು ಒತ್ರಿ’ ಅನ್ನುತ್ತಾರೆ. ಅಣ್ಣ ಮನೆಗೆ ಬಂದು ನಗುತ್ತಾನೆ. ‘ಬರಿಯಾಕ ಬ್ಯಾಡಾದ ಕೈ ಸರಕಾರಕ್ಕ ಬೇಕಾತು ನೋಡು’ ಅನ್ನುತ್ತಾನೆ. ಅವನು ನಕ್ಕರೂ ನನಗೆ ನಗಲು ಆಗುವುದಿಲ್ಲ.

ಕಾರ್ಡು ತೆಗೆದುಕೊಳ್ಳದೇ ಇದ್ದದ್ದು ಸೊಕ್ಕಿನಿಂದ ಅಲ್ಲ. ಮಾಸ್ತರರ ಹೆಸರು ಕೇಳಿದರೆ ಅವನ ಕೈ ತಾನಾಗಿಯೇ ಹಿಂದೆ ಹೋಗುತ್ತದೆ. ಅದು ಅವನಿಗೇ ಗೊತ್ತಾಗುವುದಿಲ್ಲ.

ಸಿತಾರಾ


ಸಪ್ತಾಪುರ
೯ ಜನವರಿ ೨೦೨೪

ಸಿತಾರಾ,

ನಿನ್ನ ಪತ್ರ ಓದಿ ಸಂಕಟವಾಯಿತು. ಕಮರಣ್ಣನಿಗೆ ಹೀಗಾಯಿತೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಷ್ಟನ್ನು ನಂಬು.

ಆದರೆ ಒಂದು ಮಾತು ಹೇಳಲೇಬೇಕು. ನಾನು ಪ್ರತಿವರ್ಷ ಮೊದಲ ಪಾಠದಲ್ಲೇ ಹುಡುಗರಿಗೆ ಹೇಳುತ್ತಿದ್ದೆ: ಹಿಂದಿನವರನ್ನು ಇಂದಿನ ತಕ್ಕಡಿಯಲ್ಲಿ ತೂಗಬೇಡಿ, ಅವರ ಕಾಲದ ತಕ್ಕಡಿಯಲ್ಲೇ ತೂಗಿ. ಆ ಕಾಲದಲ್ಲಿ ಯಾವ ಸಾಲಿಯಲ್ಲಿ ಎಡಗೈಗೆ ಹೊಡೆಯುತ್ತಿರಲಿಲ್ಲ ಹೇಳು? ಯಾವ ಮನೆಯಲ್ಲಿ? ಊಟಕ್ಕೆ ಯಾವ ಮಗು ಎಡಗೈ ಮುಂದೆ ಮಾಡಿದರೂ ನಿಮ್ಮ ಅಮ್ಮಿಯೇ ಸೌಟಿನಿಂದ ಬಾರಿಸಿದ್ದನ್ನು ನಾನು ನೋಡಿದ್ದೇನೆ. ನಿಮ್ಮ ಅಬ್ಬಾ ಕೈ ಮುಗಿದರೆಂದು ನೀನೇ ಬರೆದಿದ್ದೀಯ. ಮಗನ ತಂದೆಗೇ ತಪ್ಪೆಂದು ತೋರದ್ದು ಮಾಸ್ತರನಿಗೆ ಹೇಗೆ ತೋರಬೇಕಿತ್ತು? ಲಾಡಿ ಕಟ್ಟಿದ್ದು ಸಿಟ್ಟಿನಿಂದಲ್ಲ, ಹುಡುಗ ಸುಧಾರಿಸಲಿ ಎಂಬ ಕಾಳಜಿಯಿಂದ. ಅವ್ವ ‘ಕಷ್ಟಪಟ್ಟರು’ ಎನ್ನುವುದು ಇದನ್ನೇ ಇರಬೇಕು. ಇವತ್ತಿನ ತಿಳಿವಳಿಕೆಯನ್ನು ಹೊತ್ತುಕೊಂಡು ಹೋಗಿ ಅವರ ಮುಂದೆ ನಿಂತರೆ ಆ ಕಾಲದ ಒಬ್ಬ ಮನುಷ್ಯನೂ ಪಾಸಾಗುವುದಿಲ್ಲ.

ಬಿರುಸಾಗಿ ಬರೆದೆನೇನೋ. ಮನ್ನಿಸು. ಅಪ್ಪ ಹೋದಾಗ ನಾನು ಹತ್ತಿರವಿರಲಿಲ್ಲ. ಅವರದೆಂದು ನನ್ನ ಬಳಿ ಉಳಿದದ್ದು ಅವರ ಒಳ್ಳೆಯತನ ಒಂದೇ. ಅದನ್ನು ನನ್ನಿಂದ ಕಸಿದುಕೊಳ್ಳಬೇಡ.

ಸುಕನ್ಯಾ


ಉಣಕಲ್
೨೦ ಜನವರಿ ೨೦೨೪

ಸುಕನ್ಯಾ,

ನಿನ್ನ ಪತ್ರ ಬಂದ ಮೇಲೆ ಎರಡು ಸಲ ಬರೆಯಲು ಕೂತು ಎದ್ದೆ. ನಾನು ನಿನ್ನಷ್ಟು ಓದಿದವಳಲ್ಲ. ತಕ್ಕಡಿಯ ಮಾತು ನನಗೆ ಒಪ್ಪಿಗೆಯೇ. ಆ ಕಾಲದ ತಕ್ಕಡಿಯಲ್ಲೇ ತೂಗೋಣ.

ನೀನು ಪಾಟಿಯ ಮೇಲೆ ಬರೆಯಲು ಕೂತದ್ದು ಅರವತ್ತೆಂಟನೇ ಇಸವಿಯಲ್ಲಿ. ನಾವಿಬ್ಬರೂ ಒಂದೇ ವರ್ಷ ಸಾಲಿಗೆ ಸೇರಿದವರು, ಆದ್ದರಿಂದ ನನಗೆ ಗೊತ್ತು. ಅಣ್ಣನಿಗೆ ಲಾಡಿ ಕಟ್ಟಿದ್ದೂ ಅದೇ ಅರವತ್ತೆಂಟರಲ್ಲಿ. ಕಾಲ ಒಂದೇ ಇತ್ತು. ಊರೂ ಒಂದೇ. ಮಾಸ್ತರರೂ ಒಬ್ಬರೇ. ಮುಂಜಾನೆ ಮನೆಯಲ್ಲಿ ‘ಕೈ ತಿರುವಿದ್ರ ಕೂಸಿನ ಮನಸು ಮುರೀತೈತಿ’ ಎಂದವರು, ಸಾಲಿಗೆ ಹೋಗಿ ಅಣ್ಣನ ಕೈ ತಿರುವಿ ಕಟ್ಟಿದರು. ಮನಸ್ಸು ಮುರಿಯುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ತಿಳಿದಿದ್ದೆ. ಗೊತ್ತಿತ್ತು ಎಂದು ನಿನ್ನ ಲೇಖನ ಓದಿ ತಿಳಿಯಿತು.

ನಿನ್ನನ್ನು ಅವರು ತಮ್ಮ ಸಾಲಿಗೆ ಯಾಕೆ ಸೇರಿಸಲಿಲ್ಲ ಎಂದು ಎಂದಾದರೂ ಯೋಚಿಸಿದ್ದೀಯಾ? ಮನೆಯ ಮುಂದೆಯೇ ಸಾಲಿ ಇರುವಾಗ ನಿನ್ನನ್ನು ಬಸ್ಸಿನಲ್ಲಿ ಹುಬ್ಬಳ್ಳಿಯ ಹುಡುಗಿಯರ ಸಾಲಿಗೆ ಕಳಿಸಿದರು. ಇಲ್ಲಿ ಇದ್ದಿದ್ದರೆ ಒಂದೋ ನಿನಗೂ ಕಟ್ಟಬೇಕಾಗುತ್ತಿತ್ತು, ಇಲ್ಲವೇ ಅಣ್ಣನಿಗೆ ಬಿಚ್ಚಬೇಕಾಗುತ್ತಿತ್ತು.

ಆ ಕಾಲದಲ್ಲಿ ಯಾರಿಗೂ ತಪ್ಪೆಂದು ತೋರಲಿಲ್ಲ ಎಂದೆ. ನಮ್ಮ ದಾದಿ, ಅಬ್ಬಾನ ತಾಯಿ ಹಾಜರಾಬಿಗೆ ತೋರಿತ್ತು. ಆಕೆಯೂ ಅದೇ ಕಾಲದವಳು. ಬುರ್ಖಾ ಹಾಕಿಕೊಂಡು ಸಾಲಿಯ ತನಕ ಹೋಗಿ, ಹೊರಗೇ ನಿಂತು, ‘ಮಾಸ್ತರ, ನನ್ನ ಮೊಮ್ಮಗನ ಕೈ ಬಿಡ್ರಿ, ರಾತ್ರಿ ನಿದ್ದ್ಯಾಗ ಚೀರತಾನ’ ಎಂದು ಕೇಳಿದಳು. ನಾನು ಆಕೆಯ ಬೆರಳು ಹಿಡಿದು ನಿಂತಿದ್ದೆ. ‘ಅಮ್ಮಾ, ನಿಮಗ ತಿಳಿಯಾಂಗಿಲ್ಲ. ಮನೀಗೆ ಹೋಗ್ರಿ’ ಎಂದು ಮಾಸ್ತರರು ಮೆತ್ತಗೇ ಹೇಳಿದರು. ದಾದಿ ಮನೆಗೆ ಬಂದು ಒಲೆಯ ಬೂದಿ ಹರವಿ ಅಣ್ಣನ ಎಡಗೈ ಹಿಡಿದು ಅರಬ್ಬಿಯ ಮೊದಲ ಅಕ್ಷರ ಅಲಿಫ್ ಬರೆಸಿದಳು. ಅಮ್ಮಿ ಅದನ್ನು ನೋಡಿ ತೋಬಾ ತೋಬಾ ಎಂದಳು. ಅದಕ್ಕೆ ದಾದಿ, ‘ಅಲಿಫ್ ಅಂದ್ರ ಒಂದು ನೆಟ್ಟಗಿನ ಗೀಟು. ಯಾವ ಕೈಲೆ ಎಳದ್ರೂ ನೆಟ್ಟಗಽ ಇರತೈತಿ’ ಎಂದಳು. ಆ ಚಳಿಗಾಲದಲ್ಲೇ ದಾದಿ ತೀರಿಕೊಂಡಳು. ಅಣ್ಣನ ಆ ಓದು ಅಲಿಫ್ ದಾಟಲಿಲ್ಲ.

ಇನ್ನೊಂದು ಮಾತು. ಬರೆಯಬಾರದು ಎಂದಿದ್ದೆ. ನಿಮ್ಮ ಪಡಸಾಲೆಯಲ್ಲಿ ನಾವು ಗೊಂಬೆಗೆ ತೊಟ್ಟಿಲು ಕಟ್ಟಿ ಆಡುತ್ತಿದ್ದೆವು, ನೆನಪಿದೆಯೇ? ಕೋಟಿನ ಗೂಟಕ್ಕೆ ನೇತು ಹಾಕಿರುತ್ತಿದ್ದ ಬಿಳಿ ಲಾಡಿ ತಂದು ಕಟ್ಟುತ್ತಿದ್ದವಳು ನೀನು. ನಿನಗೆ ಅದು ಏನೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನೂ ತೂಗುತ್ತಿದ್ದೆ. ನಿಮ್ಮ ಮನೆಗೆ ಬರುವುದು ನನಗೆ ಅಷ್ಟು ಇಷ್ಟವಿತ್ತು.

ನಿನ್ನ ಅಪ್ಪನನ್ನು ನಿನ್ನಿಂದ ಕಸಿದುಕೊಳ್ಳುವುದಿಲ್ಲ. ನಿನಗೆ ಅವರು ಒಳ್ಳೆಯವರೇ ಆಗಿದ್ದರು.

ಸಿತಾರಾ


ಸಪ್ತಾಪುರ
೨೪ ಮಾರ್ಚ್ ೨೦೨೪

ಪ್ರೀತಿಯ ಸಿತಾರಾ,

ಎರಡು ತಿಂಗಳು ಸುಮ್ಮನಿದ್ದೆ. ಸಿಟ್ಟಿನಿಂದಲ್ಲ. ಮೊದಮೊದಲು ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅದು ನಿನ್ನ ಮೇಲೆ ನಿಲ್ಲಲಿಲ್ಲ.

ಒಂದು ಮುಂಜಾನೆ ಅವ್ವ ಮೆಂತ್ಯಪಲ್ಯೆ ಸೋಸುತ್ತ ಕೂತಿದ್ದಳು. ಲಾಡಿಯ ವಿಷಯ ಕೇಳಿದೆ. ಅವಳು ಬೆಚ್ಚಲೂ ಇಲ್ಲ. ‘ಹೌದು, ಕಟ್ಟತಿದ್ರು. ಅವರ ಮಗನ್ನ ತಿದ್ದಬೇಕಾಗಿತ್ತು, ನಮ್ಮ ಮಗಳನ್ನ ಬೆಳಸಬೇಕಾಗಿತ್ತು. ಅದಕ್ಕೇನು ಈಗ ಇಷ್ಟು ವಿಚಾರ ಮಾಡಾಕತ್ತಿ?’ ಎಂದಳು. ನಾನೂ ಪಕ್ಕದಲ್ಲಿ ಕೂತು ಪಲ್ಯೆ ಸೋಸತೊಡಗಿದೆ. ಅವಳ ಕೈ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ತಾನೇ ಹೇಳಿದಳು: ‘ಒಮ್ಮೆ ನಾನಽ ಕೇಳಿದ್ದೆ ಅವರಿಗೆ. ನಮ್ಮ ಕೂಸಿಗಿಲ್ಲದ್ದು ಆ ಹುಡುಗಗ ಯಾಕ್ರಿ ಅಂತ. ಉಣ್ಣೂದು ಬಿಟ್ಟು ಎದ್ದು ಹ್ವಾದ್ರು. ಮತ್ತ ನಾ ಕೇಳಾಕ ಹೋಗಲಿಲ್ಲ.’

ಊಟ ಬಿಟ್ಟು ಎದ್ದರು, ಸಿತಾರಾ. ತಿಳಿಯದ ಮನುಷ್ಯ ಊಟ ಬಿಟ್ಟು ಏಳುವುದಿಲ್ಲ. ಮರುದಿನ ಮತ್ತೆ ಲಾಡಿ ಕಿಸೆಗೆ ಹಾಕಿಕೊಂಡು ಸಾಲಿಗೆ ಹೋದರು. ಇದನ್ನು ನೆನೆದರೆ ನನಗೆ ಅವರ ಮೇಲೆ ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ. ಪ್ರೀತಿ ಕಡಿಮೆಯಾಗುತ್ತದೆಯೇ ಎಂದು ನೋಡಿದೆ. ಆಗುವುದಿಲ್ಲ, ಅದೇ ಕಷ್ಟ.

ಲೇಖನವನ್ನು ಹಿಂದಕ್ಕೆ ತೆಗೆದುಕೊಂಡೆ. ಸಂಚಿಕೆಯಲ್ಲಿ ಆ ಪುಟಕ್ಕೆ ಸಿಮೆಂಟಿನ ಜಾಹೀರಾತು ಹಾಕಿದ್ದಾರೆ. ವಾಚನಾಲಯದ ಹೆಸರನ್ನು ಬದಲಿಸಿ ಎಂದು ರಾಜಶೇಖರರನ್ನು ಕೇಳಿದೆ. ‘ಮೇಡಂ, ಆ ಕಾಲದಾಗ ಹಂಗಽ ಇತ್ತು, ನೀವು ಇತಿಹಾಸ ಕಲಿಸಿದವರು, ನಿಮಗ ನಾ ಹೇಳಬೇಕೇನ್ರಿ?’ ಎಂದರು. ನನ್ನ ಮಾತೇ ನನ್ನ ಮುಂದೆ ಬಂದು ನಿಂತಿತು.

ಹಾಗಾದರೆ ಸಭೆಯಲ್ಲೇ ಹೇಳುತ್ತೇನೆ ಎಂದುಕೊಂಡು ಹೋದೆ. ನನ್ನ ಸರದಿ ಬಂದಾಗ ಎರಡನ್ನೂ ಹೇಳಿದೆ. ಅಪ್ಪ ನನ್ನ ಎಡಗೈ ಉಳಿಸಿದ್ದು, ಕಮರಣ್ಣನ ಎಡಗೈ ಕಟ್ಟಿದ್ದು. ಈಗ ಯಾರಾದರೂ ಎದ್ದು ಬೈಯುತ್ತಾರೆ ಎಂದುಕೊಂಡೆ. ಬೈದರೆ ಚೆನ್ನಾಗಿತ್ತು. ಮುಂದಿನ ಸಾಲಿನಿಂದ ಹನುಮೇಶ ಎನ್ನುವ ಹಳೆಯ ವಿದ್ಯಾರ್ಥಿ ಎದ್ದು, ‘ನನಗೂ ಕೋಲು ಮುರಿಯೂ ಹಂಗ ಬಡದಾರ್ರಿ! ಅದಕ್ಕಽ ಇವತ್ತ ಇಂಜಿನಿಯರ್ ಆಗಿ ರಿಟೈರ್ ಆಗೇನಿ!’ ಎಂದರು. ಜನರೆಲ್ಲ ನಕ್ಕರು. ಚಪ್ಪಾಳೆ ಬಿತ್ತು. ‘ಅಂಥಾ ಶಿಸ್ತು ಈಗೆಲ್ಲಿ ಐತ್ರಿ’ ಎಂದು ಹಿಂದಿನಿಂದ ಯಾರೋ ಕೂಗಿದರು. ಇನ್ನೂ ಜೋರು ಚಪ್ಪಾಳೆ. ನಾನು ಅಪ್ಪನ ತಪ್ಪು ಹೇಳಲು ನಿಂತಿದ್ದೆ, ಅದು ಅವರಿಗೆ ಹೊಗಳಿಕೆಯಾಗಿ ಕೇಳಿಸಿತು. ರಾಜಶೇಖರರು ಫೋಟೋದ ಬಟ್ಟೆ ಸರಿಸಿದರು. ಅಪ್ಪ ನಗುತ್ತ ಕೂತಿದ್ದರು. ನಾನು ಅವರ ಕೈಗಳನ್ನೇ ನೋಡಿದೆ, ಮುಖ ನೋಡಲು ಆಗಲಿಲ್ಲ.

ಆ ಕಾಲದ ತಕ್ಕಡಿಯಲ್ಲಿ ತೂಗಬೇಕು ಎಂದು ಈಗಲೂ ಹೇಳುತ್ತೇನೆ. ಆದರೆ ಆ ತಕ್ಕಡಿ ಮಾಸ್ತರರ ಮೇಜಿನ ಮೇಲೆ ಮಾತ್ರ ಇತ್ತು ಎಂದು ತಿಳಿದಿದ್ದೆ. ನಿಮ್ಮ ಹಾಜರಾಬಿಯ ಹತ್ತಿರವೂ ಒಂದಿತ್ತು. ನಿದ್ದೆಯಲ್ಲಿ ಚೀರುತ್ತಿದ್ದ ಕಮರಣ್ಣನ ಹತ್ತಿರವೂ ಇತ್ತು. ನಮ್ಮ ಅವ್ವನ ಹತ್ತಿರ ಒಂದೇ ಒಂದು ಸಲಕ್ಕಾದರೂ ಇತ್ತು. ಅಷ್ಟು ವರ್ಷ ಪಾಠ ಹೇಳುತ್ತ ನಾನು ಅವರನ್ನೆಲ್ಲ ಆ ಕಾಲದಿಂದ ಹೊರಗೆ ನಿಲ್ಲಿಸಿದ್ದೆ.

ನಿಮ್ಮ ಮನೆಗೆ ಬರಬೇಕು ಎಂದಿದ್ದೇನೆ. ಕಮರಣ್ಣನನ್ನು ನೋಡಬೇಕು. ನೋಡಿ ಏನು ಹೇಳಬೇಕು ಎಂದು ತಿಳಿಯದು. ಅಪ್ಪನ ಪರವಾಗಿ ಕ್ಷಮೆ ಕೇಳುವ ಅಧಿಕಾರ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಈ ಪತ್ರವನ್ನು ಅವನಿಗೆ ಓದಿ ಹೇಳು. ಬರಲೇ, ಬೇಡವೇ ಎಂದು ಅವನನ್ನೇ ಕೇಳು. ಬೇಡ ಎಂದರೆ ಬರುವುದಿಲ್ಲ, ಬೇಸರವನ್ನೂ ಮಾಡಿಕೊಳ್ಳುವುದಿಲ್ಲ.

ನಿನ್ನ,
ಸುಕನ್ಯಾ


ಉಣಕಲ್
೧೪ ಏಪ್ರಿಲ್ ೨೦೨೪

ಪ್ರೀತಿಯ ಸುಕನ್ಯಾ,

ರಂಜಾನಿನ ಗಡಿಬಿಡಿಯಲ್ಲಿ ತಡವಾಯಿತು. ಹಬ್ಬದ ಮರುದಿನ ಗ್ಯಾರೇಜು ಬಂದ್ ಇತ್ತು. ಅಣ್ಣ ಕಟ್ಟೆಯ ಮೇಲೆ ಕೂತಿದ್ದ, ಶೀರಕುರ್ಮಾ ಕೊಟ್ಟು ಪಕ್ಕದಲ್ಲಿ ಕೂತು ನಿನ್ನ ಪತ್ರ ಓದಿದೆ. ಒಂದು ಸಾಲನ್ನೂ ಬಿಡಲಿಲ್ಲ.

ಚಪ್ಪಾಳೆಯ ಮಾತು ಬಂದಾಗ ‘ಹೋಗಲಿ ಬಿಡು’ ಎಂದ. ನಿಮ್ಮ ಅಪ್ಪ ಊಟ ಬಿಟ್ಟು ಎದ್ದ ಮಾತು ಬಂದಾಗ ಚಮಚ ಕೆಳಗಿಟ್ಟ. ‘ಎದ್ದು ಹ್ವಾದ್ರಾ?’ ಎಂದು ಕೇಳಿದ. ಮತ್ತೊಮ್ಮೆ ಓದಿಸಿದ. ಆಮೇಲೆ, ‘ಎದ್ದು ಸಾಲೀಗೆ ಬಂದು ಬಿಚ್ಚಿದ್ರ ಆಗತಿತ್ತು’ ಎಂದ. ಅವನು ಸಿಟ್ಟಿನಿಂದ ಹೇಳಲಿಲ್ಲ.

ಬಾ ಎಂದಿದ್ದಾನೆ. ಕ್ಷಮೆಯ ಮಾತು ಮಾತ್ರ ತೆಗೆಯಬೇಡ. ಅದಕ್ಕೆ ಏನು ಉತ್ತರ ಕೊಡಬೇಕೆಂದು ಅವನಿಗೆ ತಿಳಿಯುವುದಿಲ್ಲ, ಸುಮ್ಮನೆ ಒದ್ದಾಡುತ್ತಾನೆ. ನಿನ್ನ ಗಾಡಿ ತೆಗೆದುಕೊಂಡು ಬಾ, ಎಣ್ಣೆ ಬದಲಿಸಿ ಕೊಡುತ್ತಾನಂತೆ.

ಉತ್ತರದ ಕೊನೆಗೆ ನೀನೂ ಸಹಿ ಮಾಡು ಎಂದು ನಾನೇ ಅವನ ಕೈಗೆ ಪೆನ್ನು ಕೊಟ್ಟೆ. ಎಡಗೈಯಲ್ಲಿ ತೆಗೆದುಕೊಂಡ. ಹಾಳೆಯ ಮೇಲೆ ಬಗ್ಗಿದ. ಬಗ್ಗಿದವನು ಒಮ್ಮೆ ಬಾಗಿಲ ಕಡೆ ನೋಡಿದ, ಯಾರೋ ಬರುತ್ತಾರೆ ಎನ್ನುವ ಹಾಗೆ. ಅರವತ್ತು ದಾಟಿದ ಮನುಷ್ಯ, ಸುಕನ್ಯಾ. ಪೆನ್ನನ್ನು ಬಲಗೈಗೆ ಬದಲಿಸಿದ. ಆಮೇಲೆ ನನಗೇ ಹಿಂದಕ್ಕೆ ಕೊಟ್ಟ.

ಮತ್ತೆ ನಿನ್ನ ಪತ್ರ ಈಸಿಕೊಂಡ. ಓದಲು ಬಾರದವನು ಏನು ನೋಡುತ್ತಾನೆ ಎಂದುಕೊಂಡೆ. ಶಾಯಿ ಒರೆಸಿದಲ್ಲಿ ಬೆರಳಿಟ್ಟು, ‘ಇದು ಯಾಕ ಹಿಂಗಾಗೇತಿ?’ ಎಂದ. ಎಡಗೈಯಲ್ಲಿ ಬರೆದರೆ ಹಾಗಾಗುತ್ತದೆ ಎಂದೆ. ಸಾಲು ಸಾಲಿನ ಕೊನೆಯ ತನಕ ಆ ಕಲೆಯ ಮೇಲೆ ಬೆರಳಾಡಿಸಿದ. ಅವನ ಮುಖದಲ್ಲಿ ನಗು ಬಂತು.

‘ಛಲೋ ಆತು’ ಎಂದ. ‘ಒಬ್ಬರದಾದ್ರೂ ಉಳೀತಲ್ಲ.’

ನಿನ್ನ ದಾರಿ ನೋಡುತ್ತ,
ಸಿತಾರಾ